ಎಡಗಡೆಯ ಕುಣಿಕೆ

ಹೊರಗಿನಿಂದ ನಮ್ಮ ಊರಿಗೆ ಬಂದವರು ಮೊದಲನೆಯ ದಿನವೇ ಮಾಡುವ ತಪ್ಪು ಒಂದೇ. ನಾವು ಸೊಂಟಕ್ಕೆ ಸುತ್ತಿ ಉಡುವ ಕಿಲ್ಟಿನ ಹಿಂಬದಿಯಲ್ಲಿ, ನೆರಿಗೆಗಳು ಶುರುವಾಗುವ ಜಾಗದ ತುಸು ಮೇಲೆ ಹೊಲಿದಿರುವ ಎರಡು ಕುಣಿಕೆಗಳನ್ನು ನೋಡಿ ಅವುಗಳಲ್ಲಿ ಬೆಲ್ಟು ತೂರಿಸಿಬಿಡುತ್ತಾರೆ. ಪ್ಯಾಂಟು ಹಾಕಿ ಬೆಳೆದವರಿಗೆ ಕುಣಿಕೆ ಕಂಡರೆ ಬೆಲ್ಟು ನೆನಪಾಗುವುದು ಸಹಜವೇ. ಆದರೆ ಕಿಲ್ಟು ಸೊಂಟದಲ್ಲಿ ನಿಲ್ಲುವುದು ಬೆಲ್ಟಿನಿಂದಲ್ಲ. ಪಕ್ಕದಲ್ಲಿ ಚರ್ಮದ ಪಟ್ಟಿಗಳಿವೆ, ಅವಕ್ಕೆ ಬಕಲ್ಲುಗಳಿವೆ, ಅಷ್ಟು ಸಾಕು. ಕುಣಿಕೆಗಳನ್ನು ಉಟ್ಟವರ ಸಲುವಾಗಿ ಹೊಲಿದದ್ದೇ ಅಲ್ಲ. ಬಲಗಡೆಯದು ಮನೆಯವರಿಗೆ. ಎಡಗಡೆಯದು ಊರಿಗೆ.

ನಮ್ಮಲ್ಲಿ ಗಂಡಸರು ಪಂಚೆಯ ಬದಲು ಕಿಲ್ಟು ಉಡುತ್ತಾರೆ, ಹೆಂಗಸರು ಸೀರೆಯ ಮೇಲೆ ಉಡುತ್ತೇವೆ. ಎಂಟು ಗಜದ ಚೌಕಳಿ ಉಣ್ಣೆ. ಬೇಸಿಗೆಯಲ್ಲೂ ಅದೇ. ಬೆವರುತ್ತೇವೆ, ಗೊಣಗುತ್ತೇವೆ, ಉಡುತ್ತೇವೆ. ನಮ್ಮ ಊರಿನವರಿಗೆ ಹಗುರ ಬರುತ್ತದೆ, ಮೈಭಾರ ಹೋಗಿ ಕಾಲು ನೆಲ ಬಿಟ್ಟು ಮೇಲೇರುತ್ತೇವೆ. ಹಗುರ ಬರುವುದು ಮೈಗೆ, ಉಣ್ಣೆಗಲ್ಲ. ಎಂಟು ಗಜದ ಭಾರ ಮೈಮೇಲಿದ್ದರೆ ಏರುವುದು ತುಸು ನಿಧಾನವಾಗುತ್ತದೆ, ಪಕ್ಕದವರಿಗೆ ಕೈಚಾಚಲು ಹೊತ್ತು ಸಿಗುತ್ತದೆ. ಯಾರಿಗೆ ಯಾವಾಗ ಬರುತ್ತದೆಂದು ಹೇಳಲಾಗದು. ಕೆಲವರಿಗೆ ತಿಂಗಳಿಗೆ ಎರಡು ಸಲ, ಕೆಲವರಿಗೆ ವರ್ಷಕ್ಕೊಮ್ಮೆ. ಮೊದಲು ಅಂಗಾಲಿನಲ್ಲಿ ಇರುವೆ ಹರಿದಂತಾಗುತ್ತದೆ. ಆಗ ಹತ್ತಿರದಲ್ಲಿ ಯಾರಿದ್ದಾರೋ ಅವರಿಗೆ "ಬಂತ್ರೀ" ಎಂದು ಹೇಳಿ ಬೆನ್ನು ತಿರುಗಿಸಿ ನಿಲ್ಲಬೇಕು. ಅವರು ಎಡಗಡೆಯ ಕುಣಿಕೆಯಲ್ಲಿ ತೋರುಬೆರಳು, ನಡುಬೆರಳು ಎರಡನ್ನೂ ಬದಿಯಿಂದ ತೂರಿಸಿ ಮಡಚಿ ಹಿಡಿಯಬೇಕು. ಅನ್ನದ ಎಸರು ಕುದಿಯುವಷ್ಟು ಹೊತ್ತು. ಮೈಭಾರ ಮರಳಿದ ಮೇಲೆ ಬಿಟ್ಟು ಹೋಗಬೇಕು. ಹಿಡಿಸಿಕೊಂಡವರು ತಿರುಗಿ ನೋಡಬಾರದು. ಯಾರು ಹಿಡಿದರು ಎಂದು ಯಾರೂ ಕೇಳಬಾರದು, ಹಿಡಿಸಿಕೊಂಡವರು ಹೇಳಬಾರದು. ಹಿಡಿದವರು ತಾವಾಗಿ ಹೇಳಿಕೊಳ್ಳಬಹುದು, ಆದರೆ ಯಾರೂ ಹೇಳಿಕೊಳ್ಳುವುದಿಲ್ಲ. ಅದು ಜಂಬವಾಗುತ್ತದೆ.

ನಾನು ಊರ ಕಮಿಟಿಯ ಕಚೇರಿಯಲ್ಲಿ ನಡಾವಳಿ ಬರೆಯುವವಳು. ಬಿ.ಎ. ಓದಿದವಳು, ಅಕ್ಷರ ದುಂಡಗಿದೆ, ಮಾತನ್ನು ತೂಗಿ ಬರೆಯುತ್ತೇನೆ ಎಂದು ಆ ಕೆಲಸ ಕೊಟ್ಟರು. ಅಂದಿನಿಂದ ಊರವರು ಮರ್ಯಾದೆಗೆ ನನ್ನನ್ನು "ಬಾಯಾರ" ಎನ್ನುತ್ತಾರೆ. ನನಗೆ ಚಿಕ್ಕಂದಿನಿಂದಲೂ ಹೆದರಿಕೆ ಜಾಸ್ತಿ. ಬೀದಿಗೆ ಬಂದರೆ ಯಾರ ಪಕ್ಕದಲ್ಲಿ ನಡೆಯುವುದು ಕ್ಷೇಮ ಎಂದು ಲೆಕ್ಕ ಹಾಕುತ್ತಲೇ ಇರುತ್ತೇನೆ. ಇವರ ಕೈ ಗಟ್ಟಿ, ಇವರು ಯಾವಾಗಲೂ ಏನೋ ಯೋಚನೆಯಲ್ಲಿರುತ್ತಾರೆ, ಇವರ ಎರಡು ಕೈಯಲ್ಲೂ ಚೀಲ. "ನಿನಗ ಹಗುರ ಬರೂದು ಕಾಲಿಗಲ್ಲವಾ, ತಲಿಗೆ" ಎನ್ನುತ್ತಾಳೆ ಅವ್ವ. ಮನೆಯಲ್ಲಿ ನಾವಿಬ್ಬರೇ. ನನ್ನ ಬಲಗಡೆಯ ಕುಣಿಕೆ ಅವಳದು, ಅವಳದು ನನ್ನದು.

ಆ ದಿನ ಕಮಿಟಿಯ ವಾರ್ಷಿಕ ಸಭೆ. ವರ್ಷದ ವರದಿ ಓದುವವಳು ನಾನು. ಅದಕ್ಕೆಂದೇ ಹೊಸ ಕಿಲ್ಟು ಹೊಲಿಸಿದ್ದೆ, ಹಾಲುಬಣ್ಣದ ಉಣ್ಣೆಯ ಮೇಲೆ ತೆಳ್ಳನೆಯ ಬೂದಿ ಗೆರೆಗಳ ಚೌಕಳಿ. ನಮ್ಮ ಊರಲ್ಲಿ ಬಿಳಿ ಉಡುವವರು ಕಡಿಮೆ. ಕನ್ನಡಿಯಲ್ಲಿ ನೋಡಿಕೊಂಡಾಗ ನಾನು ಬೇರೆ ಯಾರೋ ಆಗಿದ್ದೆ, ಹೆದರದ ಯಾರೋ. ಬಿಸಿಲು ಜೋರಾಗಿದ್ದರಿಂದ ಛತ್ರಿ ತೆಗೆದುಕೊಂಡೆ. ಬಾಗಿದ ಕಟ್ಟಿಗೆಯ ಹಿಡಿಕೆ, ಅದರ ತುದಿಗೆ ಹಿತ್ತಾಳೆಯ ಟೋಪಿ. ಟೋಪಿಯ ಅಂಚು ಒಂದು ಕಡೆ ಬಿರುಕು ಬಿಟ್ಟು ಎದ್ದಿತ್ತು. ಹೊತ್ತಾಗಿದೆ ಎಂದು ಉಣ್ಣೆಗೆ ಬಣ್ಣ ಹಾಕುವವರ ಮನೆಗಳ ಓಣಿಯಿಂದ ಹೋದೆ.

ಓಣಿಯಲ್ಲಿ ಯಾರೂ ಇರಲಿಲ್ಲ. ಕೊನೆಯ ಬಾಗಿಲಿನಿಂದ ಯಮನೂರಪ್ಪ ಹೊರಗೆ ಬಂದರು. ನಲವತ್ತು ವರ್ಷದಿಂದ ಉಣ್ಣೆಗೆ ನೀಲಿ ಹಾಕುವವರು. ಕೈ ಮೊಣಕೈವರೆಗೆ ನೀಲಿ, ಉಗುರು ಕಪ್ಪು. ಬಣ್ಣದ ಬಾನಿಯ ಹುಳಿ ವಾಸನೆ ಅವರಿಗಿಂತ ಮುಂಚೆ ಬರುತ್ತದೆ. ಆಗಷ್ಟೇ ನೂಲಿನ ಲಡಿಗಳನ್ನು ಹೊತ್ತು ಒಣಹಾಕಿ ಬಂದಿದ್ದರೆಂದು ಕಾಣುತ್ತದೆ, ಅವರ ಕಿಲ್ಟು ಸೊಂಟದಿಂದ ಕೆಳಗೆ ತೊಟ್ಟಿಕ್ಕುತ್ತಿತ್ತು. ನನ್ನನ್ನು ನೋಡಿ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು.

"ಬಾಯಾರ, ಬಂತ್ರೀ" ಎಂದು ಬೆನ್ನು ತಿರುಗಿಸಿದರು.

ಎಡಗಡೆಯ ಕುಣಿಕೆ ನನ್ನ ಕಣ್ಣೆದುರು ಇತ್ತು. ಹಸಿಯಾಗಿ, ನೀಲಿಯಾಗಿ. ಬೆರಳು ತೂರಿಸಿದರೆ ತೋಳು ಹತ್ತಿರ ಹೋಗುತ್ತದೆ, ತೋಳು ಹೋದರೆ ಮೈ ಹೋಗುತ್ತದೆ. ಗಾಳಿಗೆ ಅವರ ನೆರಿಗೆಗಳು ಆಗಲೇ ನನ್ನ ಕಡೆ ಅಲ್ಲಾಡುತ್ತಿದ್ದವು. ನಾನು ಛತ್ರಿಯನ್ನು ತಿರುಗಿಸಿ, ಹಿಡಿಕೆಯ ಬಾಗನ್ನು ಕುಣಿಕೆಗೆ ತೂರಿಸಿ, ಇನ್ನೊಂದು ತುದಿಯನ್ನು ಹಿಡಿದು ಒಂದು ಮಾರು ದೂರ ನಿಂತೆ. ನಡೆದೀತು ಅನ್ನಿಸಿತು. ಹಿಡಿದಿದ್ದೇನಲ್ಲ, ಬಿಟ್ಟಿಲ್ಲವಲ್ಲ ಅನ್ನಿಸಿತು.

ಅವರಿಗೆ ಗೊತ್ತಾಯಿತು. ಬೆರಳು ಬಂದರೆ ಬೆನ್ನಿಗೆ ಬೆಚ್ಚಗೆ ತಾಕುತ್ತದೆ, ಹಿಡಿಸಿಕೊಂಡ ಯಾರಿಗೂ ಅದು ಗೊತ್ತು. ಅವರ ಭುಜ ಒಮ್ಮೆ ಬಿಗಿಯಾಯಿತು. ಆದರೂ ತಿರುಗಿ ನೋಡಲಿಲ್ಲ. ಪಾದಗಳು ನೆಲ ಬಿಟ್ಟವು, ನೀಲಿ ಹನಿಗಳು ಕಲ್ಲಿನ ಮೇಲೆ ಬೀಳತೊಡಗಿದವು. ಬೆರಳಾಗಿದ್ದರೆ ಮೈ ಓಲಾಡಿದ ಕಡೆಗೆ ತಾನೂ ಬಾಗುತ್ತದೆ. ಕಟ್ಟಿಗೆ ಬಾಗಲಿಲ್ಲ. ಓಣಿಯ ತುದಿಯಿಂದ ಗಾಳಿ ಬಂದು ಅವರು ಬಲಕ್ಕೊಮ್ಮೆ ಎಡಕ್ಕೊಮ್ಮೆ ತೂಗಿದಾಗ ಹಿತ್ತಾಳೆಯ ಎದ್ದ ಅಂಚು ಗರಗಸದಂತೆ ಆಡಿತು. ಕುಣಿಕೆ ಚರ್ ಎಂದು ಹರಿಯಿತು. ನಾನು ಕೈ ಚಾಚಿದೆ ಎಂದು ಬರೆಯಲು ಇಷ್ಟ. ಚಾಚಿದ್ದೂ ನಿಜ, ಆದರೆ ಛತ್ರಿ ಇದ್ದ ಕೈಯನ್ನೇ.

ಅವರು ಲಡಿ ಒಣಹಾಕಿದ ಹಗ್ಗಗಳ ಮೇಲೆ ಹೋದರು, ಗೋಡೆಯ ಮೇಲೆ ಹೋದರು, ಆಚೆ ಬೀದಿಯ ಕಡೆಗೆ ತೇಲಿದರು. ಕೂಗಲಿಲ್ಲ. ನಾನೂ ಕೂಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೆಂಚುಗಳು ಒಡೆದ ಸದ್ದು, ಆಮೇಲೆ ಜನರ ಗದ್ದಲ ಕೇಳಿಸಿತು. ಗೋಡೆಯ ಆಚೆ ಹತ್ತು ಜನ ಇದ್ದಾರೆ, ಎತ್ತುತ್ತಾರೆ ಎಂದುಕೊಂಡು ಕಚೇರಿಗೆ ನಡೆದೆ. ವರದಿ ಓದಿದೆ. ಧ್ವನಿ ನಡುಗಲಿಲ್ಲ. ಈ ಸಲ ಬಹಳ ಚೆನ್ನಾಗಿ ಓದಿದಿರಿ ಎಂದರು. ಕಿಲ್ಟಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಯಮನೂರಪ್ಪನವರ ತೊಡೆಯ ಎಲುಬು ಮುರಿದಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ಸಂಜೆಗೆ ಸುದ್ದಿ ಬಂತು. ಮರುದಿನ ಅವರ ಕಿಲ್ಟನ್ನು ಕಮಿಟಿಯ ಮೇಜಿನ ಮೇಲೆ ತಂದಿಟ್ಟರು. ಎಡಗಡೆಯ ಕುಣಿಕೆ ನಡುವೆ ಹರಿದು ಎರಡು ತುಂಡಾಗಿ ಜೋತುಬಿದ್ದಿತ್ತು. ಒಳಗೆ ಹೊಲಿದವರ ಗುರುತು ಇತ್ತು, ಕೆಂಪು ದಾರದಲ್ಲಿ ಮೂರು ಅಡ್ಡಹೊಲಿಗೆ. ಅದು ಶಾವಂತ್ರವ್ವನದು.

ಕುಣಿಕೆ ಹೊಲಿಯಲು ಊರಲ್ಲಿ ನಾಲ್ಕು ಜನರಿಗೆ ಮಾತ್ರ ಹಕ್ಕಿದೆ. ಅವರಲ್ಲಿ ಶಾವಂತ್ರವ್ವ ಎಲ್ಲರಿಗಿಂತ ಹಿರಿಯಳು. ನನ್ನ ಮೊದಲನೆಯ ಕಿಲ್ಟನ್ನು, ನಾಲ್ಕು ವರ್ಷದವಳಿದ್ದಾಗ ಉಟ್ಟದ್ದನ್ನು, ಹೊಲಿದದ್ದು ಅವಳೇ. ಆ ಹಾಲುಬಣ್ಣದ್ದನ್ನೂ ಅವಳೇ ಹೊಲಿದಿದ್ದಳು. ಹಿಡಿತ ತಾಳದ ಕುಣಿಕೆ ಯಾರ ಕೈಯದೋ ಅವರು ಸಭೆಯಲ್ಲಿ ಬಂದು ಸೂಜಿ ಇಡಬೇಕು, ಮತ್ತೆ ಎಂದಿಗೂ ಕುಣಿಕೆ ಹೊಲಿಯಬಾರದು. ಹಾಗೆ ಸೂಜಿ ಇಟ್ಟ ಒಬ್ಬಾತ ನನ್ನ ಚಿಕ್ಕಂದಿನಲ್ಲಿ ನಮ್ಮ ಬೀದಿಯಲ್ಲಿದ್ದ. ಜನ ಅವನ ಜೊತೆ ಮಾತನಾಡುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಆದರೆ ಅವನೆದುರು ತಮಗರಿವಿಲ್ಲದೆ ಬೆನ್ನ ಹಿಂದೆ ಕೈ ಒಯ್ದು ತಮ್ಮ ಕುಣಿಕೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅವನು ಊರು ಬಿಟ್ಟ.

ಕಮಿಟಿಯ ಹಿರಿಯರಾದ ಗುರಸಿದ್ದಪ್ಪನವರು ಎಂಟು ದಿನದ ನೋಟೀಸು ಕೊಡಲು ಹೇಳಿದರು. ನೋಟೀಸು ಬರೆದವಳು ನಾನು. "ಕುಣಿಕೆಯು ಹಿಡಿತ ತಾಳದೆ ಹರಿದಿರುವುದು ಕಂಡುಬಂದಿರುತ್ತದೆ." ಯಾರಿಗೆ ಕಂಡುಬಂತು ಎಂದು ಯಾರೂ ಕೇಳಲಿಲ್ಲ. ಹಿಡಿದವರು ಯಾರೆಂದು ಕೇಳಲು ಯಾರಿಗೂ ಅಧಿಕಾರವಿರಲಿಲ್ಲ. ಹೇಳಬಹುದಾದವಳು ಇಡೀ ಊರಲ್ಲಿ ನಾನೊಬ್ಬಳೇ, ನಾನು ನೋಟೀಸಿನ ಮಡಿಕೆಗಳನ್ನು ಉಗುರಿನಿಂದ ತೀಡುತ್ತ ಕೂತಿದ್ದೆ.

ಛತ್ರಿಯನ್ನು ಅಟ್ಟದ ಮೇಲೆ ಹಳೆಯ ಹಾಸಿಗೆಗಳ ಹಿಂದೆ ಇಟ್ಟೆ.

"ಛತ್ರಿ ಎಲ್ಲಿ ಅದ?" ಎಂದಳು ಅವ್ವ.

"ಎಲ್ಲೋ ಮರತು ಬಂದೆ."

"ನೀ ಮರತಿ? ಉಪ್ಪಿನ ಡಬ್ಬಿ ಮುಚ್ಚಳ ಸೊಟ್ಟ ಇದ್ರ ನಿದ್ದಿ ಬರದಾಕಿ ನೀನು." ಅಷ್ಟು ಹೇಳಿ ನನ್ನ ಮುಖವನ್ನೇ ನೋಡಿದಳು. ಮತ್ತೆ ಕೇಳಲಿಲ್ಲ. ಅವ್ವ ಕೇಳದಿದ್ದಾಗ ನನಗೆ ಹೆಚ್ಚು ಭಯ.

ಮೂರನೆಯ ದಿನ ಮಧ್ಯಾಹ್ನ ಶಾವಂತ್ರವ್ವ ನಮ್ಮ ಮನೆಗೇ ಬಂದಳು. ಕಮಿಟಿಯಿಂದ ಕೇಳಿ ಪಡೆದ ಕುಣಿಕೆಯ ಒಂದು ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಿದ್ದಳು. ಚಾಪೆಯ ಮೇಲೆ ಕೂತು, ಅವ್ವ ಕೊಟ್ಟ ನೀರು ಕುಡಿದು, ನನ್ನ ಕಡೆ ತಿರುಗಿದಳು.

"ತಂಗಿ, ಒಂದ ಅರ್ಜಿ ಬರಕೊಡು. ನನಗ ಮಾತಾಡಾಕ ಬರೂದಿಲ್ಲ. ಸಭಾದಾಗ ನಿಂತ್ರ ಸಿಟ್ಟು ಬರತದ, ಸಿಟ್ಟು ಬಂದ್ರ ಅಳು ಬರತದ. ನೀ ಓದಿದಾಕಿ, ಚಂದಂಗ ಬರೀತಿ."

"ಏನು ಬರೀಲಿ?"

ಅವಳು ಕರವಸ್ತ್ರ ಬಿಚ್ಚಿದಳು. "ಇಲ್ಲಿ ನೋಡು. ಹೊಲಿಗಿ ಬಿಟ್ಟದೇನು? ಬಿಟ್ಟಿಲ್ಲ. ನಾಲ್ಕು ಎಳಿ ದಾರ, ಒಂದೂ ಹರದಿಲ್ಲ. ಹರದದ್ದು ನಡುವಿನ ಬಟ್ಟಿ. ಅದೂ ಜಗ್ಗಿ ಹರದದ್ದಲ್ಲ. ಜಗ್ಗಿ ಹರದ್ರ ನೂಲು ಉದ್ದುದ್ದ ಬರತಾವ, ಹೆಂಗಸರ ಕೂದಲಿನಂಗ. ಇದು ನೋಡು, ಎಲ್ಲಾ ಒಂದ ಅಳತಿ. ಕೊಯ್ದದ್ದಿದು."

ನಾನು ನೋಡಲೇಬೇಕಾಯಿತು. ನೂಲಿನ ತುದಿಗಳು ನಿಜವಾಗಿಯೂ ಒಂದೇ ಅಳತೆಯಲ್ಲಿದ್ದವು.

"ಬೆರಳು ಹಿಂಗ ಕೊಯ್ತಾವೇನು?" ಎಂದಳು. "ಬೆರಳಿಗಂತ ಹೊಲದದ್ದಿದು. ಮೊಳಿಗೆ, ಕಬ್ಬಿಣಕ್ಕ ಹೊಲೀರಿ ಅಂದಿದ್ರ ಚರ್ಮದಾಗ ಹೊಲೀತಿದ್ದೆ. ಚರ್ಮದಾಗ ಹೊಲದ್ರ ಹಿಡದವರ ಬೆರಳು ಕೊಯ್ತಾವ, ಅದಕ ಉಣ್ಣಿ. ಇಷ್ಟ ಹೇಳೂದು ನನಗ. ಯಾರು ಹಿಡದಿದ್ರು ಅಂತ ನಾ ಕೇಳೂದಿಲ್ಲ. ಕೇಳೂದಾದ್ರ ಇಷ್ಟು ವರ್ಷ ಯಾಕ ಹೊಲದೆ ಅಂತ ಆಗತದ."

ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ. ನಾನು ಕಾಗದ ತೆಗೆದುಕೊಂಡೆ. ಬರೆಯತೊಡಗಿದ ಮೇಲೆ, ಹೇಳಲು ನಾಚಿಕೆ, ನನಗೆ ಬರವಣಿಗೆಯ ಖುಷಿಯೇ ಹತ್ತಿತು. ಎಲ್ಲಿ ಬಿರುಸಾಗಬೇಕು, ಎಲ್ಲಿ ತಗ್ಗಬೇಕು ಎಂದು ನೋಡಿ ನೋಡಿ ಬರೆದೆ. ಉಣ್ಣೆಯ ನೂಲಿನ ಮಾತು, ನಾಲ್ಕು ಎಳೆಯ ಮಾತು, ಬೆರಳಿನ ಮಾತು, ಎಲ್ಲವನ್ನೂ ತಂದೆ. ಕೊನೆಗೆ ಬಂದಾಗ ಪೆನ್ನು ನಿಂತಿತು. ಆಮೇಲೆ ಬರೆದೆ: "ಕುಣಿಕೆಯ ಬಟ್ಟೆಯು ಕೊಯ್ದಂತೆ ಕಾಣುತ್ತಿದ್ದು, ಅದರ ಕಾರಣವು ಅರ್ಜಿದಾರಳಿಗೆ ತಿಳಿದಿರುವುದಿಲ್ಲ." ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

ಓದಿ ಹೇಳಿದೆ. ಶಾವಂತ್ರವ್ವ ಕಣ್ಣು ಮುಚ್ಚಿ ಕೇಳಿದಳು.

"ಎಷ್ಟ ಚಂದ ಬರದೀ ತಂಗಿ. ನನ್ನ ಮಾತು ನನಗ ಚಂದ ಕೇಳಸ್ತು." ಒಂದೊಂದೇ ಅಕ್ಷರ ಜೋಡಿಸಿ ಸಹಿ ಮಾಡಿದಳು. ಏಳುವಾಗ ಗೂಟಕ್ಕೆ ತೂಗಿಸಿದ್ದ ಹಾಲುಬಣ್ಣದ ಕಿಲ್ಟು ಕಂಡಿತು. "ಹೊಸಾದು ಉಟ್ಟೀಯಿಲ್ಲೋ? ಬಿಳೀದು ಕಾಯೂದು ತ್ರಾಸು. ಏನರ ಕಲೆ ಬಿತ್ತೇನು?"

"ಇಲ್ಲ" ಎಂದೆ.

"ಜಾಣಿ."

ಐದನೆಯ ದಿನ ಯಮನೂರಪ್ಪನವರ ಹೇಳಿಕೆ ಬರೆದುಕೊಳ್ಳಲು ಕಮಿಟಿ ನನ್ನನ್ನೇ ಆಸ್ಪತ್ರೆಗೆ ಕಳಿಸಿತು. ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದರು. ಬಿಳಿಯ ಹಾಸಿಗೆಯ ಮೇಲೆ ಆ ನೀಲಿ ಕೈಗಳು ಬೇರೆ ಯಾರದೋ ಎಂಬಂತೆ ಬಿದ್ದಿದ್ದವು. ನಾನು ಕಾಗದದ ಮೇಲೆಯೇ ಕಣ್ಣಿಟ್ಟು ಕೇಳಿದೆ.

"ಹಗುರ ಬಂದಾಗ ಹಿಡಿದಿದ್ದರೇ?"

"ಹಿಡದಿದ್ರು, ಬಾಯಾರ."

"ಕುಣಿಕೆಯ ವಿಷಯ ಏನಾದರೂ ಹೇಳುವುದಿದೆಯೇ?"

"ಅಕಿ ಹೊಲಿಗಿ ತಪ್ಪಿಲ್ಲ ಅಂತ ಬರಕೋರಿ. ಹತ್ತು ವರ್ಷದ ಹಿಂದ ಹೊಲದ ಕಿಲ್ಟು ಅದು, ಎಷ್ಟು ಮಂದಿ ಹಿಡದಾರ ಲೆಕ್ಕ ಇಲ್ಲ." ಆಮೇಲೆ, "ಶಾವಂತ್ರವ್ವನ ಸೂಜಿ ಇಡಸ್ತಾರಂತ, ಖರೇ ಏನ್ರಿ?" ಎಂದರು.

"ಸಭೆ ತೀರ್ಮಾನ ಮಾಡುತ್ತದೆ."

"ಹೊಲಿಗಿ ತಪ್ಪಿಲ್ಲ ಅಂದ್ರ ಮತ್ತೇನಾತು ಅಂತ ಕೇಳತಾರ. ನಾ ಹೇಳೂ ಹಂಗಿಲ್ಲ." ಅವರು ಮೇಲೆ ಸೂರಿನ ಕಡೆ ನೋಡುತ್ತಿದ್ದರು. "ಹಿಡದವರಿಗೆ ಅವಸರ ಇತ್ತೋ ಏನೋ. ನಲವತ್ತು ವರ್ಷ ನೀಲಿ ಕಲಸಿದ ಮೈರೀ ಇದು. ಮುಟ್ಟೂದಕ್ಕ ಯಾರಿಗರ ಹಿಂದ ಮುಂದ ಆಗತದ. ನನಗ ಗೊತ್ತಾಗತದ ಅದು. ತಪ್ಪು ತಿಳಕೊಳ್ಳೂದಿಲ್ಲ."

ಇದನ್ನು ನಾನು ಬರೆದುಕೊಳ್ಳಲಿಲ್ಲ. ಅವರೂ ಬರಕೋರಿ ಎನ್ನಲಿಲ್ಲ. ನನ್ನನ್ನು ಒಮ್ಮೆಯೂ ನೇರವಾಗಿ ನೋಡಲಿಲ್ಲ, ಹಿಡಿಸಿಕೊಂಡವರು ಹಿಡಿದವರ ಮುಖ ನೋಡಬಾರದಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಳಗೆ ಹೋಗಿ ಹೇಳಿಬಿಡಬೇಕು ಅನ್ನಿಸಿತು. ಆದರೆ ಅವರಿಗೆ ಹೇಳಬೇಕಾದದ್ದೇನೂ ಇರಲಿಲ್ಲ, ಅವರಿಗೆ ಗೊತ್ತಿತ್ತು. ಹೇಳಬೇಕಾದದ್ದು ಎಲ್ಲರೆದುರು. ಎದ್ದು ಕಚೇರಿಗೆ ಹೋದೆ.

ಸಭೆಯ ದಿನ ಕೋಣೆ ತುಂಬಿತ್ತು. ತೊಲೆಗೆ ಶಾವಂತ್ರವ್ವ ಹೊಲಿದ ಹನ್ನೆರಡು ಕಿಲ್ಟುಗಳ ಕುಣಿಕೆಗಳನ್ನು ಒಂದೊಂದಾಗಿ ಕಟ್ಟಿ ಮರಳಿನ ಚೀಲ ತೂಗಿಸಿ ನೋಡಿದರು. ಒಂದೂ ಹರಿಯಲಿಲ್ಲ.

"ಗುರಸಿದ್ದಪ್ಪಾರನ್ನೂ ಒಮ್ಮೆ ತೂಗಿಸಿ ನೋಡ್ರಿ" ಎಂದರು ಯಾರೋ ಹಿಂದಿನಿಂದ. ಜನ ನಕ್ಕರು.

"ತೊಲಿ ಮುರದ್ರ ಬಡಿಗ್ಯಾಗೂ ನೋಟೀಸು ಕೊಡಬೇಕಾಗತದ" ಎಂದರು ಗುರಸಿದ್ದಪ್ಪನವರು. ಅವರೂ ನಕ್ಕರು. ಶಾವಂತ್ರವ್ವ ಮಾತ್ರ ನಗಲಿಲ್ಲ. ಅವಳು ಗೋಡೆಗೆ ಒರಗದೆ ನಿಂತಿದ್ದಳು.

ಅರ್ಜಿ ಓದುವ ಕೆಲಸವೂ ನನ್ನದೇ. ನಾನು ಬರೆದದ್ದನ್ನು ಅವಳ ಮಾತೆಂದು ಎಲ್ಲರಿಗೂ ಓದಿ ಹೇಳಿದೆ. ಬಹಳ ಜನ ತಲೆದೂಗಿದರು.

"ಅರ್ಜಿ ಭಾಳ ಚಂದ ಅದ" ಎಂದರು ಗುರಸಿದ್ದಪ್ಪನವರು. "ಆದ್ರ ಶಾವಂತ್ರವ್ವ, ಕೊಯ್ದಂಗ ಕಾಣತದ ಅಂದ್ರ ಆತೇನು? ಯಾತರಿಂದ ಕೊಯ್ದದ್ದು? ಊರಾಗ ಈತನಕ ಬೆರಳು ಬಿಟ್ಟು ಬ್ಯಾರೇದರಿಂದ ಯಾರೂ ಹಿಡದಿಲ್ಲ. ಅಂಥಾ ಮನಿಶಾ ಇದ್ದಾನಂತ ನಂಬೂಕಿಂತ ನಿನ್ನ ಒಂದ ಕುಣಿಕಿ ಸೋತದ ಅಂತ ನಂಬೂದು ನಮಗ ಸಸಾರ. ಏನ ಮಾಡೂದು? ಹಿಡದವರಿಗೆ ನಾ ಕೇಳೂ ಹಂಗಿಲ್ಲ. ಅವರಿಗೆ ಬಾಯಿ ಇದ್ರ ಹೇಳಲಿ."

ಯಾರೂ ಯಾರನ್ನೂ ನೋಡದೆ ಎಲ್ಲರೂ ನೆಲ ನೋಡಿದರು. ಅದು ನಮ್ಮ ಊರಿನ ಸಭ್ಯತೆ. ನಾನು ಎಣಿಸುತ್ತಿದ್ದೆ, ಇಪ್ಪತ್ತಕ್ಕೆ ಹೇಳುತ್ತೇನೆ, ಮೂವತ್ತಕ್ಕೆ ಹೇಳುತ್ತೇನೆ ಎಂದು. ನಲವತ್ತು ದಾಟಿದಾಗ ಶಾವಂತ್ರವ್ವ ಸೆರಗಿನ ಅಂಚಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದಳು. ಮುಂದೆ ಬಂದಳು. ಇಡಬೇಕಾದ ಮೇಜು ನಾನು ಬರೆಯಲು ಕೂತಿದ್ದ ಮೇಜೇ. ನನ್ನ ಕಾಗದದ ಪಕ್ಕದಲ್ಲಿ ಇಟ್ಟಳು.

"ಬರಕೋ ತಂಗಿ" ಎಂದಳು. "ಇಟ್ಟಳು ಅಂತ ಬರಕೋ."

ನಾನು ಬರೆದೆ. ಇದನ್ನು ಮರೆಮಾಚಲಾರೆ. "ಸದರಿಯವರು ಸೂಜಿಯನ್ನು ಇಟ್ಟಿರುತ್ತಾರೆ" ಎಂದು ದುಂಡಗೆ ಬರೆದೆ, ಕೊನೆಗೆ ಚುಕ್ಕೆಯನ್ನೂ ಇಟ್ಟೆ. ಅವಳು ಹಿಂದಿರುಗಲು ತಿರುಗಿದಳು. ತಿರುಗಿದವಳ ಬಲಗೈಯ ಹೆಬ್ಬೆರಳೂ ತೋರುಬೆರಳೂ ಇನ್ನೂ ಸೂಜಿ ಹಿಡಿದಂತೆಯೇ ಒಂದಕ್ಕೊಂದು ಒತ್ತಿಕೊಂಡಿದ್ದವು. ಮುಂದೆ ಅವು ಏನನ್ನು ಹಿಡಿದಾವು?

"ಛತ್ರಿ" ಎಂದೆ.

"ಏನಂದ್ರಿ ಬಾಯಾರ?" ಗುರಸಿದ್ದಪ್ಪನವರು ಕಿವಿಗೆ ಕೈಯಿಟ್ಟರು.

"ಬೆರಳಲ್ಲ. ಛತ್ರಿಯ ಹಿಡಿಕೆ. ಅದಕ್ಕೆ ಹಿತ್ತಾಳೆ ಇತ್ತು, ಅದು ಒಡೆದಿತ್ತು." ಇಷ್ಟು ವರ್ಷ ಜೋಡಿಸುತ್ತ ಬಂದ ಮಾತುಗಳಲ್ಲಿ ಒಂದೂ ಸಾಲಾಗಿ ಬರಲಿಲ್ಲ. "ನಂದು. ನಾನು ಹಿಡಿದಿದ್ದು."

ಹಿಂದೆ ಯಾರೋ ನಕ್ಕರು, ತಮಾಷೆ ಎಂದುಕೊಂಡು. ಆ ನಗು ಬೇಗ ನಿಂತಿತು.

"ಛತ್ರಿಲೇ ಯಾಕ ಹಿಡದ್ರಿ?" ಗುರಸಿದ್ದಪ್ಪನವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಕೈಗೆ ಏನರ ಆಗಿತ್ತೇನು?"

ಕೈಗೆ ಗಾಯವಾಗಿತ್ತು ಎನ್ನಬಹುದಿತ್ತು. ಆ ಬಾಗಿಲು ಅವರಾಗಿಯೇ ತೆರೆದಿದ್ದರು. "ಕಿಲ್ಟು ಹೊಸದಿತ್ತು" ಎಂದೆ. "ಬಿಳೀದು."

ಎಲ್ಲರೂ ನನ್ನ ಸೊಂಟದ ಕೆಳಗೆ ನೋಡಿದರು. ಆ ದಿನ ಉಟ್ಟಿದ್ದು ಹಳೆಯ ಕಂದು ಕಿಲ್ಟು. ಆದರೂ ನೋಡಿದರು.

ಶಾವಂತ್ರವ್ವ ಮೇಜಿನ ಹತ್ತಿರ ಮರಳಿ ಬಂದಳು. ಸಿಟ್ಟು ಬಂದರೆ ಅಳು ಬರುತ್ತದೆ ಎಂದಿದ್ದವಳ ಕಣ್ಣು ಒಣಗಿತ್ತು.

"ಅರ್ಜಿ ಬರಿಯೂವಾಗ ನಿಮಗ ಗೊತ್ತಿತ್ತು" ಎಂದಳು.

"ಹೌದು."

"ನನ್ನ ಮುಂದ ಕುಂತು ಬರದ್ರಿ. ಓದಿ ಹೇಳಿದ್ರಿ."

"ಹೌದು."

"ನಾ ಚಂದ ಅದ ಅಂದೆ." ಅದನ್ನು ಅವಳು ನನಗೆ ಹೇಳಲಿಲ್ಲ, ತನಗೇ ಹೇಳಿಕೊಂಡಳು. ಸೂಜಿಯನ್ನು ಎತ್ತಿಕೊಂಡು, ಸೆರಗಿಗೆ ಚುಚ್ಚಿ, ಯಾರ ಅಪ್ಪಣೆಗೂ ಕಾಯದೆ ಹೊರಟುಹೋದಳು.

ನನಗೆ ಏನು ಮಾಡಬೇಕೆಂದು ಕಮಿಟಿ ಮೂರು ಸಲ ಸೇರಿತು. ನಿಯಮದ ಪುಸ್ತಕದಲ್ಲಿ ಸೋತ ಕುಣಿಕೆಗೆ ಶಿಕ್ಷೆಯಿದೆ, ಬಿಟ್ಟ ಕೈಗೆ ಶಿಕ್ಷೆಯಿದೆ. ಬಿಡದೆಯೂ ಹಿಡಿಯದವರ ಬಗ್ಗೆ ಒಂದು ಸಾಲೂ ಇಲ್ಲ, ಹಿರಿಯರಿಗೆ ಅಂಥವರು ಹುಟ್ಟಿಯಾರೆಂದು ಹೊಳೆದಿರಲಿಲ್ಲ. ಕೊನೆಗೆ ಏನೂ ಮಾಡಲಿಲ್ಲ. ನಡಾವಳಿ ಬರೆಯುವ ಕೆಲಸವನ್ನೂ ತೆಗೆಯಲಿಲ್ಲ. ಆ ಮೂರು ಸಭೆಗಳ ನಡಾವಳಿಯೂ ನನ್ನ ಅಕ್ಷರದಲ್ಲೇ ಇದೆ. ಊರಿನವರು ಒರಟಾಗಿ ಒಂದು ಮಾತೂ ಆಡಲಿಲ್ಲ. ಆದರೆ ನಾನು ಎದುರಿಗೆ ಬಂದರೆ ಛತ್ರಿ ಹಿಡಿದವರು ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ, ನನಗೆ ನೋವಾಗದಿರಲಿ ಎಂದು. ಬಿಸಿಲಿನಲ್ಲಿ, ನನ್ನ ಸಲುವಾಗಿ.

ಯಮನೂರಪ್ಪನವರು ಕೋಲು ಹಿಡಿದು ನಡೆಯತೊಡಗಿದ ಮೇಲೆ ಅವರ ಮನೆಗೆ ಹೋಗಿ ತಪ್ಪಾಯಿತು ಎಂದೆ. "ಆತು ಬಿಡ್ರಿ ಬಾಯಾರ" ಎಂದು ಕೂರಲು ಮಣೆ ತರಿಸಿದರು. ಮಣೆ ತಂದ ಅವರ ಹೆಂಡತಿ ಅದನ್ನು ಸೆರಗಿನಿಂದ ಎರಡು ಸಲ ಒರೆಸಿ, ಬಣ್ಣ ಹತ್ತಿಲ್ಲ ತಾನೇ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಇಟ್ಟಳು. ಚುಚ್ಚಲೆಂದು ಮಾಡಿದ್ದಲ್ಲ. ನನ್ನಂಥವರಿಗೆ ಹೀಗೆ ಮಾಡಬೇಕೆಂದು ಅವಳು ತಿಳಿದುಕೊಂಡಿದ್ದಳು, ಅಷ್ಟೇ.

ಶಾವಂತ್ರವ್ವನ ಅಂಗಡಿಯ ಬೀದಿಗೆ ಮೂರು ಸಲ ಹೋಗಿ ಮೂಲೆಯಿಂದಲೇ ಮರಳಿದೆ. ಮನೆಗೆ ಬಂದರೆ ಅವ್ವ, "ತಲಿ ಎತ್ತಿ ನಡಿ ಅನ್ನಾಕ ನನಗ ಬಾಯಿಲ್ಲ, ತಗ್ಗಿಸಿ ನಡಿ ಅನ್ನಾಕ ಮನಸಿಲ್ಲ. ಸುಮ್ನ ನಡಿ" ಎಂದಳು.

ಹಾಗೆ ಸುಮ್ಮನೆ ನಡೆಯುತ್ತಿದ್ದಾಗಲೇ ನಾಲ್ಕು ತಿಂಗಳ ಮೇಲೆ, ಸಂತೆಯ ಬೀದಿಯಲ್ಲಿ, ನನ್ನ ಅಂಗಾಲಿನಲ್ಲಿ ಇರುವೆ ಹರಿಯಿತು. ಈಗ ನಾನು ಯಾರ ಪಕ್ಕದಲ್ಲೂ ನಡೆಯುತ್ತಿರಲಿಲ್ಲ, ಗೋಡೆಯ ಬದಿಗೆ ಒಬ್ಬಳೇ ನಡೆಯುತ್ತಿದ್ದೆ. ಸುತ್ತ ಜನ ಇದ್ದರು. ತರಕಾರಿಯ ಮುದುಕಿ, ಬಳೆಯ ಅಂಗಡಿಯವನು, ಹಾಲಿನ ಕ್ಯಾನು ಹಿಡಿದ ಇಬ್ಬರು. "ಬಂತ್ರೀ" ಎಂದರೆ ಸಾಕು, ಯಾರೂ ಇಲ್ಲವೆನ್ನುವಂತಿಲ್ಲ. ಆ ಮಾತು ಬಾಯಿಗೆ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಬೆನ್ನು ತಿರುಗಿಸಲಿ? ದೀಪದ ಕಂಬ ನಾಲ್ಕು ಹೆಜ್ಜೆ ದೂರದಲ್ಲಿತ್ತು, ಅದನ್ನು ತಬ್ಬಿಕೊಂಡರಾಯಿತು ಎಂದು ಹೊರಟೆ. ಎರಡನೆಯ ಹೆಜ್ಜೆಗೆ ನೆಲ ಸಿಗಲಿಲ್ಲ.

ಆಗ ಬೆನ್ನಿಗೆ ಬೆಚ್ಚಗೆ ತಾಕಿತು. ಎರಡು ಬೆರಳು. ಕುಣಿಕೆಯ ಬದಿಯಿಂದ ತೂರಿ ಮಡಚಿಕೊಂಡವು. ನಾನು ಗೋಡೆಯನ್ನೇ ನೋಡುತ್ತ ತೇಲುತ್ತ ನಿಂತೆ. ನಡುಬೆರಳಿನ ತುದಿ ಒಂದು ಕಡೆ ಕಲ್ಲಿನಂತೆ ಗಟ್ಟಿಯಿತ್ತು. ಎಷ್ಟೋ ಸಾವಿರ ಸಲ ಸೂಜಿಯ ಹಿಂಬದಿಯನ್ನು ಒತ್ತಿದ ಬೆರಳು.

ಹಿಡಿತ ಬಿಗಿಯಾಗಿರಲಿಲ್ಲ, ಸಡಿಲವೂ ಆಗಿರಲಿಲ್ಲ. ಗಾಳಿ ಬಂದು ನಾನು ಓಲಾಡಿದ ಕಡೆಗೆ ಕೈ ತಾನೂ ತುಸು ಬಂತು, ಮತ್ತೆ ನಿಂತಿತು. ಜಗ್ಗಿದ್ದರೆ ಸಿಟ್ಟಿದೆ ಎಂದುಕೊಳ್ಳುತ್ತಿದ್ದೆ. ಒಂದಿಷ್ಟು ಮೆದುವಾಗಿದ್ದರೆ ಕ್ಷಮಿಸಿದ್ದಾಳೆ ಎಂದುಕೊಳ್ಳುತ್ತಿದ್ದೆ. ಎರಡೂ ಇರಲಿಲ್ಲ. ಯಾರನ್ನು ಹಿಡಿದರೂ ಹೇಗೆ ಹಿಡಿಯುತ್ತಾಳೋ ಹಾಗೆ ಹಿಡಿದಿದ್ದಳು. ಅಷ್ಟು ಹೊತ್ತೂ ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಂಡರೆ ಮೈ ಅಲುಗಿ ಅವಳ ಬೆರಳಿಗೆ ನೋವಾದೀತೆಂದು ಒರೆಸಿಕೊಳ್ಳಲಿಲ್ಲ.

ಮೈಭಾರ ಮರಳಿತು. ಅಂಗಾಲಿಗೆ ಕಲ್ಲು ತಾಕಿತು. ಬೆರಳುಗಳು ಹೊರಬಂದವು. ಅವಳು ಹೋಗಬೇಕಿತ್ತು, ಹೋಗಲಿಲ್ಲ. ಕುಣಿಕೆಯ ಕೆಳತುದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದ್ದು ಗೊತ್ತಾಯಿತು.

"ಬಾಯಾರ" ಎಂದಳು ಹಿಂದಿನಿಂದ, ಅಂಗಡಿಯಲ್ಲಿ ಯಾವ ಗಿರಾಕಿಗಾದರೂ ಹೇಳುವ ಧ್ವನಿಯಲ್ಲಿ. "ಕೆಳಗ ಒಂದ ಹೊಲಿಗಿ ಬಿಟ್ಟದ. ಹಂಗ ಬಿಡಬ್ಯಾಡ್ರಿ. ಯಾರ ಕೈಯಾಗರ ಕೊಟ್ಟ ಕಳಸ್ರಿ, ಹಾಕಿ ಕೊಡತೀನಿ. ನೀವು ಬರೂದು ಬ್ಯಾಡ."

"ಹೂಂ" ಎಂದೆ, ಎದುರಿನ ಗೋಡೆಗೆ.